ಅತೀಕನ ತಲೆಯ ಎಡಮಗ್ಗುಲು

ನೇಸರಗಿ
೧೨ ಅಕ್ಟೋಬರ್ ೨೦೨೫, ರವಿವಾರ

ಅಬ್ಬಾ, ಅಸ್ಸಲಾಮು ಅಲೈಕುಂ.

ನೀವು ಆರಾಮಾಗಿದ್ದೀರಿ ಎಂದು ತಿಳಿದಿದ್ದೇನೆ. ರಾಮದುರ್ಗದ ಫೂಫಿಯ ಮನೆಯೆಂದರೆ ನಿಮಗೆ ಅಕ್ಕನ ಮನೆ, ಊಟಕ್ಕೆ ಕೊರತೆಯಿಲ್ಲ, ಮಾತಿಗಂತೂ ಮೊದಲೇ ಇಲ್ಲ. ಪತ್ರ ತಡವಾಯಿತು, ಮಾಫ್ ಮಾಡಿ. ಕೆಲಸದ ಗಡಿಬಿಡಿ ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ನಿಜ ಅದಲ್ಲ. ಬರೆಯಲು ಕೂತಾಗಲೆಲ್ಲ ಅದು ಪತ್ರವಾಗದೆ ಜಗಳವಾಗುತ್ತಿತ್ತು, ಹರಿದು ಒಲೆಗೆ ಹಾಕುತ್ತಿದ್ದೆ. ಇದೂ ಅರ್ಧ ಜಗಳವೇ. ಓದುವ ಮೊದಲು ಚಹಾ ಕುಡಿದುಬಿಡಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ನಾನು ಹಚ್ಚಿದಾಗಲೆಲ್ಲ ಫೂಫಿಯೇ ಎತ್ತುತ್ತಾರೆ. ‘ನಿಮ್ಮ ಅಬ್ಬಾ ನಮಾಜಿಗೆ ಹೋಗ್ಯಾರವಾ’ ಎನ್ನುತ್ತಾರೆ. ಮುಂಜಾನೆ ಹತ್ತು ಗಂಟೆಗೆ ಅದ್ಯಾವ ನಮಾಜು ಅಬ್ಬಾ? ಅವರ ಹಿಂದೆ ನಿಮ್ಮ ಕೆಮ್ಮು ನನಗೆ ಕೇಳಿಸುತ್ತದೆ. ಅದಕ್ಕೇ ರಾಮದುರ್ಗದ ಬಸ್ಸಿನ ಕಂಡಕ್ಟರ್ ನಿಜಗುಣಪ್ಪನವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ‘ನಿಮ್ಮಪ್ಪನ ಕೈಯಾಗ ಕೊಟ್ಟ, ಮಾರಿ ನೋಡೇ ಬರ್ತೇನಿ’ ಎಂದಿದ್ದಾರೆ. ಉರ್ದು ಓದಲು ನಿಮಗೆ ಬರುವುದಿಲ್ಲ, ಬರೆಯಲು ನನಗೆ ಬರುವುದಿಲ್ಲ. ಸಾಲಿಯ ಪಾಟಿಯ ಮೇಲೆ ನೀವು ನನ್ನ ಕೈ ಹಿಡಿದು ತಿದ್ದಿಸಿದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಅದು ಕಂಪ್ಯೂಟರಿನ ತಪ್ಪು.

ಮನೆಯ ಸಂಗತಿ. ಮಳೆ ಚೆನ್ನಾಗಿ ಆಯಿತು. ಹಿತ್ತಲ ಗೋಡೆ ಒಂದು ಕಡೆ ಜರಿದಿದೆ, ಬಿದ್ದಿಲ್ಲ. ನಿಮ್ಮ ಟೆಂಪೋ ಬೇವಿನ ಗಿಡದ ಕೆಳಗೆ ನಿಂತಲ್ಲೇ ನಿಂತಿದೆ. ಬೈಲಹೊಂಗಲದ ಮಾರ್ಕೆಟ್ಟಿಗೆ ಕಾಯಿಪಲ್ಯ ಒಯ್ಯಲು ಜನ ಕೇಳಿಕೊಂಡು ಬರುತ್ತಾರೆ. ‘ಸಾವ್ಕಾರ ಯಾವಾಗ ಬರ್ತಾರು?’ ಎಂದು ಕೇಳಿದರೆ ನಾನು ಆಕಾಶ ನೋಡುತ್ತೇನೆ. ಮೇಕೆ ಎರಡು ಮರಿ ಹಾಕಿದೆ. ಒಂದು ಬಿಳಿ, ಒಂದು ಕರಿ. ಕರಿದು ಬಹಳ ಖೋಡಿ, ಅತೀಕನ ತೊಡೆ ಬಿಟ್ಟು ಇಳಿಯುವುದಿಲ್ಲ.

ಅತೀಕ ನಡೆಯುತ್ತಾನೆ. ಬಲಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ, ಆದರೆ ಕೋಲು ಬೇಡ ಎನ್ನುವಂತೆ ಕೈ ಮಾಡುತ್ತಾನೆ. ಬಲಗೈಯಿಂದಲೇ ರೊಟ್ಟಿ ಮುರಿಯುತ್ತಾನೆ. ತಲೆಯ ಮೇಲೆ ಕೂದಲು ಬಂದು ಹೊಲಿಗೆ ಮುಚ್ಚಿದೆ. ಗೊತ್ತಿಲ್ಲದವರು ನೋಡಿದರೆ ಏನೂ ಆಗಿಲ್ಲ ಎನ್ನಬೇಕು, ಹಾಗಿದ್ದಾನೆ.

ನೀವು ಮನೆ ಬಿಟ್ಟ ದಿನವನ್ನು ನಿಮ್ಮ ಕಣ್ಣಿನಿಂದ ಮಾತ್ರ ನೋಡಿದ್ದೀರಿ. ಒಂದು ಸಲ ನನ್ನ ಕಣ್ಣಿನಿಂದಲೂ ನೋಡಿ. ಅದಕ್ಕಾಗಿ ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಸಿಟ್ಟಾಗಬೇಡಿ.

ಕಬ್ಬಿನ ಹಂಗಾಮಿನಲ್ಲಿ, ಹಿಂದೆ ದೀಪವಿಲ್ಲದ ಟ್ರೇಲರಿಗೆ ಅತೀಕನ ಬೈಕು ಹೋಗಿ ಬಡಿಯಿತು. ತಲೆಯ ಎಡಮಗ್ಗುಲು ಜಜ್ಜಿ, ಒಳಗೆ ಮಿದುಳು ಬಾತು, ಡಾಕ್ಟರು ಅಂಗೈ ಅಗಲದ ಎಲುಬನ್ನು ಕೊಯ್ದು ತೆಗೆದರು. ಬಾತದ್ದಕ್ಕೆ ಜಾಗ ಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದರು. ನಾನು ಒಳಗೆ ಸಹಿ ಹಾಕುತ್ತಾ ಓಡಾಡುತ್ತಿದ್ದೆ. ನೀವು ಹೊರಗೆ ಆಸ್ಪತ್ರೆಯ ಮನುಷ್ಯನನ್ನು ಹಿಡಿದು, ‘ನನ್ನ ಮಗನ ಎಲಬು ನನಗ ಕೊಡ್ರಿ, ಕಸದಾಗ ಚೆಲ್ಲಬ್ಯಾಡ್ರಿ’ ಎಂದು ಬೇಡಿಕೊಂಡಿರಿ. ಆತನಿಗೂ ಅವಸರ, ಡಬ್ಬಿಯಲ್ಲಿ ಹಾಕಿ ಕೊಟ್ಟುಬಿಟ್ಟ. ಅದನ್ನು ಥಂಡಿ ಪೆಟ್ಟಿಗೆಯಲ್ಲಿ ಇಟ್ಟು ಮುಂದೆ ತೊಳೆದು ತಿರುಗಿ ಕೂಡಿಸಲಿಕ್ಕೆ ಬರುತ್ತದೆ ಎಂದು ನಿಮಗೆ ಆತನೂ ಹೇಳಲಿಲ್ಲ, ಯಾರೂ ಹೇಳಲಿಲ್ಲ.

ನಮ್ಮಲ್ಲಿ ಕೈ ಹೋಗಲಿ, ಕಾಲು ಹೋಗಲಿ, ದೇಹದಿಂದ ಬೇರೆಯಾದದ್ದನ್ನು ಮಣ್ಣಿಗೆ ಒಪ್ಪಿಸಬೇಕು. ನೀವು ಅದನ್ನು ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಊರಿಗೆ ತಂದು, ಅಮ್ಮಿಯ ಕಬರಿನ ಪಕ್ಕದಲ್ಲಿ ಹುಗಿದಿರಿ. ಆ ಜಾಗ ನಿಮಗೆಂದು ನೀವೇ ಹಿಡಿದಿಟ್ಟದ್ದು. ಅದನ್ನು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ ಅಬ್ಬಾ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾವೆಲ್ಲ ಅವನನ್ನು ಉಳಿಸುವ ವಿಚಾರದಲ್ಲಿದ್ದಾಗ, ಅವನಿಂದ ಬೇರೆಯಾದ ತುಂಡಿನ ಬಗ್ಗೆಯೂ ಒಬ್ಬರು ಚಿಂತಿಸಿದ್ದರಲ್ಲ ಎನ್ನಿಸಿತು.

ಅತೀಕ ಉಳಿದ, ಆದರೆ ಮಾತು ಹೋಗಿತ್ತು. ಮುಂದೆ ಬೇಸಿಗೆಯಲ್ಲಿ ಅವನನ್ನು ತೋರಿಸಲು ಹೋದಾಗ ಆ ಡಾಕ್ಟರು ಕೇಳಿದರು, ‘ಎಲುಬು ಯಾವ ಆಸ್ಪತ್ರ್ಯಾಗ ಇಟ್ಟೀರಿ?’ ನೀವು ಎದೆ ಸೆಟೆಸಿ ಹೇಳಿದಿರಿ, ‘ಚಿಂತಿ ಬ್ಯಾಡ್ರಿ ಸಾಹೇಬ್ರ, ಎಲ್ಲಾ ರೀತಿ ಪ್ರಕಾರ ಮಣ್ಣ ಮಾಡೇವ್ರಿ.’ ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡು ನಕ್ಕರು. ಕೋಣೆಯಲ್ಲಿದ್ದ ಕಲಿಯುವ ಹುಡುಗರೂ ನಕ್ಕರು. ಆಗ ನಿಮ್ಮ ಮುಖ ನೋಡಿದವಳು ನಾನೊಬ್ಬಳೇ. ಆ ನಗೆಯನ್ನು ನಾನು ಇವತ್ತಿಗೂ ಮಾಫ್ ಮಾಡಿಲ್ಲ.

ಮರುದಿನ ನಸುಕಿನಲ್ಲಿ ನೀವು ಸಲಿಕೆ ಹಿಡಿದು ಕಬರಸ್ತಾನಕ್ಕೆ ಹೋದದ್ದು ನನಗೆ ಗೊತ್ತಿಲ್ಲ ಎಂದು ತಿಳಿದಿದ್ದೀರಿ. ಕಬರಸ್ತಾನ ನೋಡಿಕೊಳ್ಳುವ ತೌಹೀದ ಚಾಚಾ ನನಗೆ ಹೇಳಿದರು. ‘ಏನ್ ಮಾಡಾಕ ಹತ್ತೀರಿ ಮೆಹಬೂಬಸಾಬ?’ ಎಂದು ಅವರು ಕೇಳಿದರಂತೆ. ‘ನನ್ನ ಮಗನ ತಲಿ ತಿರಗಿ ತಗೊಂಡ ಹೊಂಟೇನಿ’ ಎಂದಿರಂತೆ ನೀವು. ಚಾಚಾ ಸಲಿಕೆ ಕಸಿದುಕೊಂಡು, ‘ಅದು ಈಗ ಮಣ್ಣಿಂದು, ನಿಮ್ಮದಲ್ಲ’ ಎಂದು ಕೂಡಿಸಿದರಂತೆ. ಬಿಸಿಲೇರುವ ತನಕ ಇಬ್ಬರೂ ಅಲ್ಲೇ ಕೂತಿದ್ದಿರಂತೆ. ಅಲ್ಲಿಂದ ಮನೆಗೆ ಬರದೆ, ಕಾಲಿನ ಮಣ್ಣು ಸಹ ತೊಳೆಯದೆ ಬಸ್ ಹತ್ತಿಬಿಟ್ಟಿರಿ. ಸಂಜೆ ಫೂಫಿಯ ಫೋನು ಬಂದಾಗಲೇ ನೀವು ಎಲ್ಲಿದ್ದೀರಿ ಎಂದು ನಮಗೆ ತಿಳಿದದ್ದು. ಅತೀಕ ಆ ದಿನವೆಲ್ಲ ಬಾಗಿಲ ಕಡೆ ನೋಡುತ್ತಾ ಮಲಗಿದ್ದ.

ಈಗ ಜಗಳದ ಮಾತು. ಅವನ ಮಾತು ಹೋಗಿದ್ದು ನಿಮ್ಮಿಂದ ಎಂದು ಯಾರು ಹೇಳಿದರು ನಿಮಗೆ? ನಾನು ಬೆಳಗಾವಿಯ ಇನ್ನೊಬ್ಬ ಡಾಕ್ಟರರನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದ್ದೇನೆ. ಅವರು ಹಿರಿಯರು, ನಗುವವರಲ್ಲ. ‘ಮಾತು ಹೋಗಿದ್ದು ಅಂವ ರಸ್ತಾದಾಗ ಬಿದ್ದಾಗನವ್ವಾ. ಆ ಎಲಬಿನ್ಯಾಗ ರಸ್ತಾದ ರಾಡಿ ಹೊಕ್ಕಿತ್ತು. ಇಟ್ಟಿದ್ರೂ ಉಪಯೋಗ ಆಗ್ತಿತ್ತೋ ಇಲ್ಲೋ, ನಾ ಏನ್ ಹೇಳ್ಲಿ’ ಎಂದರು. ಇದನ್ನು ಫೂಫಿಯ ಕೈಯಲ್ಲಿ ಹೇಳಿ ಕಳಿಸಿದೆ. ನೀವು ‘ಮಗಳು ಸಮಾಧಾನ ಮಾಡಾಕ ಹತ್ತ್ಯಾಳ’ ಎಂದಿರಂತೆ. ನಾನು ಯಾವಾಗ ಯಾರಿಗೆ ಸಮಾಧಾನ ಮಾಡಿದ್ದೇನೆ ಅಬ್ಬಾ? ಅದು ನನ್ನ ಸ್ವಭಾವವೇ?

ಅದರ ಮೇಲೆ ನಿಮ್ಮದೊಂದು ಆಣೆ. ‘ಅಂವ ಬಾಯಿ ತಗದು ನನಗ ಬೈಲಿ, ಯಾಕ ಹಂಗ ಮಾಡಿದಿ ಅಂತ ಕೇಳ್ಲಿ, ಅವತ್ತ ಬರ್ತೇನಿ.’ ಇದನ್ನು ಫೂಫಿ ಅಳುತ್ತಾ ಹೇಳಿದರು. ನಾನು ಅಳಲಿಲ್ಲ. ಹಾಗಾದರೆ ತಲೆ ಮುಚ್ಚಿಸಿ ಮಾತು ಬರಿಸೋಣ ಎಂದು ಸೆರಗು ಸಿಕ್ಕಿಸಿದೆ. ಎಲುಬು ಹುಗಿದವರು ನಮ್ಮ ಮನೆಯವರಾದರೆ ಎಲುಬು ಮಾಡುವವಳೂ ನಮ್ಮ ಮನೆಯಲ್ಲೇ ಇದ್ದಾಳಲ್ಲ ಎನ್ನಿಸಿತು.

‘ಬೆಳಗಾವ್ಯಾಗ ಏನ್ ಕೆಲಸ ಮಾಡ್ತಿ?’ ಎಂದು ನೀವು ಕೇಳಿದಾಗಲೆಲ್ಲ, ‘ಕಪ್ಪು ಬಸಿ ಮಾಡ್ತೀವಿ’ ಎಂದು ಚೇಷ್ಟೆ ಮಾಡುತ್ತಿದ್ದೆ. ಪೂರಾ ಸುಳ್ಳಲ್ಲ. ಕಪ್ಪು ಬಸಿಯ ಜಾತಿಯದೇ, ಸೆರಾಮಿಕ್. ಆದರೆ ನಮ್ಮ ಪುಡಿ ಬೇರೆ, ನಮ್ಮ ಎಲುಬಿನೊಳಗೆ ಇರುವಂಥದೇ ಪದಾರ್ಥದ್ದು. ಅದನ್ನು ಅಂಟಿನಂಥ ದ್ರವದಲ್ಲಿ ಕಲಸುತ್ತೇವೆ. ಪ್ರಿಂಟರ್ ಎಂಬ ಯಂತ್ರ ಅದರ ತೆಳು ಪದರು ಹಾಸುತ್ತದೆ. ಬೆಳಕು ಬಿದ್ದಷ್ಟೇ ಗಟ್ಟಿಯಾಗುತ್ತದೆ. ಅದರ ಮೇಲೆ ಮತ್ತೊಂದು ಪದರು, ಮತ್ತೊಂದು. ಹಾಗೆ ತುಂಡು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಮೈತುಂಬ ಸಣ್ಣ ಸಣ್ಣ ತೂತು ಬಿಟ್ಟಿರುತ್ತೇವೆ, ಅಮ್ಮಿಯ ದ್ವಾಸಿಯ ಹಾಗೆ. ಸುತ್ತಲಿನ ನಿಜವಾದ ಎಲುಬು ಬರುಬರುತ್ತಾ ಆ ತೂತುಗಳ ಒಳಗೆ ಬೆಳೆದು ಇದನ್ನು ಹಿಡಿದುಕೊಳ್ಳಲಿ ಎಂದು.

ಆ ಮೇಲೆ ಭಟ್ಟಿ. ಅಲ್ಲಿ ಅಂಟೆಲ್ಲ ಸುಟ್ಟು ಹೋಗಿ ಪುಡಿ ಬೆಸೆದುಕೊಂಡು ತುಂಡು ಕುಗ್ಗುತ್ತದೆ. ಅದಕ್ಕೇ ಮೊದಲೇ ದೊಡ್ಡದು ಮಾಡಬೇಕು. ತೊಳೆದ ಮೇಲೆ ಕುಗ್ಗುತ್ತದೆ ಎಂದು ನೀವು ನಮಗೆ ಸಾಲಿ ಅಂಗಿಯನ್ನು ಮೊಣಕಾಲ ತನಕ ಹೊಲಿಸುತ್ತಿದ್ದಿರಲ್ಲ, ಹಾಗೆ. ನಾವು ಅಲ್ಲಿಯ ತನಕ ಗಲ್ಲದ ಎಲುಬು, ಕಣ್ಣಿನ ಕೆಳಗಿನ ಎಲುಬು, ಇಂಥ ಸಣ್ಣವನ್ನೇ ಮಾಡಿದ್ದೆವು. ಅಂಗೈ ಅಗಲದ್ದು ಇದೇ ಮೊದಲು. ಅತೀಕನ ಮೊದಲ ತುಂಡು ಭಟ್ಟಿಯಲ್ಲಿ ನಟ್ಟನಡುವೆ ಸೀಳಿತು. ಭಟ್ಟಿ ನೋಡಿಕೊಳ್ಳುವವಳು ನನ್ನ ಗೆಳತಿ, ಸವದತ್ತಿಯ ಮಹಾನಂದಾ. ಬಾಗಿಲು ತೆಗೆದು ನೋಡಿ ನನ್ನ ಕಡೆ ತಿರುಗಲೇ ಇಲ್ಲ. ‘ನೀ ಹೊರಗ ಹೋಗಿ ಕುಂದ್ರ ಶಾಹಿಸ್ತಾ, ನಾ ತಗೀತೇನಿ’ ಎಂದಳು. ಸೀಳಿದ್ದನ್ನು ನನಗೆ ತೋರಿಸದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಎರಡನೆಯದಕ್ಕೆ ಶಾಖವನ್ನು ಬಹಳ ನಿಧಾನವಾಗಿ ಏರಿಸಿದಳು, ನಿಧಾನವಾಗಿ ಇಳಿಸಿದಳು. ಅದು ಹಾಲಿನಂತೆ ಬೆಳ್ಳಗೆ, ಒಂದು ಗೆರೆಯೂ ಇಲ್ಲದೆ ಹೊರಬಂತು.

ಇದಕ್ಕೂ ಮೊದಲಿನದೊಂದು ಮಾತಿದೆ. ಇದನ್ನು ನಿಮ್ಮ ಹತ್ತಿರ ಬಿಟ್ಟರೆ ಯಾರ ಹತ್ತಿರ ಹೇಳಲಿ.

ತಲೆಯ ಒಂದು ಮಗ್ಗುಲು ಹೋಗಿದ್ದರೆ ನಾವು ಇನ್ನೊಂದು ಮಗ್ಗುಲು ನೋಡಿ ಮಾಡುತ್ತೇವೆ. ಸ್ಕ್ಯಾನಿನಲ್ಲಿ ಸರಿಯಿರುವ ಬಲಭಾಗವನ್ನು ತೆಗೆದುಕೊಂಡು, ಕನ್ನಡಿಯಲ್ಲಿ ಕಂಡಂತೆ ತಿರುವಿ, ಎಡಕ್ಕೆ ಕೂಡಿಸುತ್ತೇವೆ. ಎಲ್ಲರಿಗೂ ಹಾಗೇ ಮಾಡುವುದು. ಅತೀಕನದನ್ನು ತಿರುವಿ ಕೂಡಿಸಿದಾಗ ಕಂಪ್ಯೂಟರಿನ ಮೇಲೆ ಅಂದವಾದ ದುಂಡು ತಲೆ ಬಂತು. ನನ್ನ ಕೈ ಅಲ್ಲೇ ನಿಂತಿತು. ನಮ್ಮ ಅತೀಕನ ತಲೆ ದುಂಡಗೆ ಎಲ್ಲಿತ್ತು ಅಬ್ಬಾ? ಕೂಸಿದ್ದಾಗ ಅವನು ಯಾವಾಗಲೂ ಎಡಕ್ಕೇ ಹೊರಳಿ ಮಲಗುತ್ತಿದ್ದ, ಆ ಕಡೆ ಅಮ್ಮಿ ಮಲಗುತ್ತಿದ್ದರು ಎಂದು. ಎಡಮಗ್ಗುಲು ಚಪ್ಪಟೆಯಾಗುತ್ತದೆ ಎಂದು ಅಮ್ಮಿ ಸಾಸಿವೆ ತುಂಬಿದ ದಿಂಬು ಹೊಲಿದರು, ದಿನಾ ಎಣ್ಣೆ ಹಚ್ಚಿ ಒತ್ತಿ ತೀಡಿದರು. ಅರ್ಧ ಸರಿಯಾಯಿತು, ಅರ್ಧ ಹಾಗೇ ಉಳಿಯಿತು. ಅವನ ಟೋಪಿ ಹುಟ್ಟಿದಾಗಿನಿಂದ ಎಡಕ್ಕೆ ಜಾರಿಯೇ ಕೂರುತ್ತಿತ್ತು. ನವಿಲುತೀರ್ಥಕ್ಕೆ ಹೋದಾಗ ಅದು ಗಾಳಿಗೆ ಹಾರಿ ನೀರಿಗೆ ಬಿದ್ದು, ಅವನು ಅತ್ತು ರಂಪ ಮಾಡಿ, ನೀವು ಮುನವಳ್ಳಿಯಲ್ಲಿ ಇಳಿದು ಹೊಸದು ಕೊಡಿಸಿದ್ದಿರಿ. ಅದೂ ಎಡಕ್ಕೇ ಜಾರಿತು. ಟೆಂಪೋದಲ್ಲಿ ಅವನು ನಿದ್ದೆ ಹೋದರೆ ನೀವು ಗೇರು ಬಿಟ್ಟು ಎಡಗೈಯನ್ನು ಆ ಚಪ್ಪಟೆಯ ಮೇಲೆ ಇಡುತ್ತಿದ್ದಿರಿ. ಕೈಗೆ ಅಳತೆ ಮಾಡಿದಂತೆ ಕೂರುತ್ತಿತ್ತು.

ಎಷ್ಟು ಚಪ್ಪಟೆ ಬಿಡಬೇಕು, ಎಲ್ಲಿಂದ ಎಲ್ಲಿಗೆ, ಎಂದು ನನಗೆ ಗೊತ್ತಿರಲಿಲ್ಲ. ಹಳೆಯ ಸ್ಕ್ಯಾನು ಇರಲಿಲ್ಲ. ಫೋಟೋಗಳಲ್ಲೆಲ್ಲ ಟೋಪಿ. ಅಮ್ಮಿ ಇಲ್ಲ. ನಿಮಗೆ ಫೋನ್ ಹಚ್ಚಿದೆ, ನೀವು ನಮಾಜಿಗೆ ಹೋಗಿದ್ದಿರಿ. ಅವತ್ತು ಸಂಜೆಯ ತನಕ ಹಚ್ಚಿದೆ. ಹಿರಿಯ ಡಾಕ್ಟರು, ‘ದುಂಡಗ ಬಂದ್ರ ಛಲೋ ಅಲ್ಲೇನ್ರಿ, ಇದರಾಗ ವಿಚಾರ ಮಾಡೂದು ಏನೈತಿ’ ಎಂದರು. ಬೇರೆಯವರ ತಮ್ಮನಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ತಾರೀಖು ಹತ್ತಿರ ಬಂದಿತ್ತು, ದುಂಡಗೇ ಮಾಡಿದೆ. ಒಂದು ದಿನ ಕಾದಿದ್ದರೆ, ಬಸ್ ಹತ್ತಿ ರಾಮದುರ್ಗಕ್ಕೆ ಬಂದು, ಹಸಿ ಮಣ್ಣಿನ ಮೇಲೆ ನಿಮ್ಮ ಕೈ ಒತ್ತಿಸಿಕೊಂಡು ಹೋಗಿದ್ದರೆ ಎಂದು ಈಗ ಅನ್ನಿಸುತ್ತದೆ. ಮಲಗಿದರೂ ಅದೇ, ಎದ್ದರೂ ಅದೇ.

ಆಗಸ್ಟಿನಲ್ಲಿ ಆಪರೇಶನ್ ಆಯಿತು. ತುಂಡು ಒಂದು ಕೂದಲೆಳೆ ಹೆಚ್ಚು ಕಡಿಮೆಯಾಗದೆ ಕೂತಿತು ಎಂದು ಹಿರಿಯ ಡಾಕ್ಟರು ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. ಮಹಾನಂದಾ ಆಸ್ಪತ್ರೆಯ ಬಾಗಿಲಲ್ಲೇ ನೆಲಕ್ಕೆ ಕೂತುಬಿಟ್ಟಳು. ಕಣ್ಣು ತೆರೆದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ‘ಅಬ್ಬಾ’. ನರ್ಸೂ ಕೇಳಿದಳು, ನಾನೂ ಕೇಳಿದೆ. ಫೂಫಿಗೆ ಕೂಡಲೇ ಹೇಳಿದೆ. ನೀವು ಅವರ ಬಾಯಿಂದ ಅದನ್ನು ಕೇಳಿ ಅಂಗಳಕ್ಕೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಿರಂತೆ. ಇನ್ನೇನು ಬರುತ್ತೀರಿ ಎಂದು ನಾನು ಅಕ್ಕಿ ಆರಿಸಿ ಇಟ್ಟೆ. ನೀವು ಬರಲಿಲ್ಲ. ‘ಕರದ್ರ ಆತೇನು, ಅಂವ ಬೈಬೇಕು’ ಎಂದು ಹೇಳಿ ಕಳಿಸಿದಿರಿ. ಎಂಥ ಹಟ ಅಬ್ಬಾ ನಿಮ್ಮದು. ಅಮ್ಮಿ ಇದ್ದಿದ್ದರೆ ಲಟ್ಟಣಿಗೆ ಹಿಡಿದೇ ರಾಮದುರ್ಗಕ್ಕೆ ಬರುತ್ತಿದ್ದರು.

ಹೋದ ಶುಕ್ರವಾರ ಮೊದಲ ಸಲ ಅವನನ್ನು ತೌಹೀದ ಚಾಚಾ ಮಸೀದಿಗೆ ಕರೆದುಕೊಂಡು ಹೋದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಟೋಪಿ ಇಟ್ಟೆ. ಟೋಪಿ ನೆಟ್ಟಗೆ ಕೂತಿತು. ಅವನು ಕನ್ನಡಿ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಕೈಯೆತ್ತಿ ಅದನ್ನು ಎಡಕ್ಕೆ ಸರಿಸಿಕೊಂಡ. ಅದು ಅಲ್ಲಿ ನಿಲ್ಲಲಿಲ್ಲ. ಮತ್ತೆ ಸರಿಸಿದ. ಬಾಗಿಲಲ್ಲಿ ನಿಂತಿದ್ದ ಚಾಚಾ, ‘ಇರ್ಲಿ ಬಾರಪಾ, ಹಂಗೂ ಛಂದ ಕಾಣ್ತಿ’ ಎಂದು ಕೈ ಹಿಡಿದು ಕರೆದುಕೊಂಡು ಹೋದರು. ನಾನು ಒಳಗೆ ಬಂದು ಅನ್ನಕ್ಕೆ ನೀರಿಟ್ಟೆ.

ಬರುವಾಗ ಚಾಚಾ ಅವನನ್ನು ಕಬರಸ್ತಾನದ ಕಡೆಯಿಂದಲೇ ಕರೆತಂದರಂತೆ. ಅಮ್ಮಿಯ ಕಬರಿಗೆ ಸಲಾಮು ಹೇಳಿಸಿ, ಪಕ್ಕದ ಜಾಗ ತೋರಿಸಿ, ‘ಇಲ್ಲಿ ನಿಂದೊಂದು ತುಣುಕು ಐತಿ, ನಿಮ್ಮ ಅಬ್ಬಾ ತಂದ ಇಟ್ಟಾರ’ ಎಂದರಂತೆ. ಅತೀಕ ಕೆಳಗೆ ಕೂತು ಆ ಮಣ್ಣನ್ನು ಅಂಗೈಯಿಂದ ಸವರಿ, ಎದ್ದು, ತನ್ನ ತಲೆ ಮುಟ್ಟಿಕೊಂಡು ನಕ್ಕನಂತೆ. ಸಿಟ್ಟು ಮಾಡಿಕೊಳ್ಳಲಿಲ್ಲ ಅಬ್ಬಾ. ಇದನ್ನು ಚಾಚಾನ ಬಾಯಿಂದಲೇ ಕೇಳಿ ಬರೆಯುತ್ತಿದ್ದೇನೆ. ಅಮ್ಮಿ ತೀಡಿದ ಚಪ್ಪಟೆ ಈಗ ಅಮ್ಮಿಯ ಹತ್ತಿರವೇ ಇದೆ. ಅವರು ಅವನನ್ನು ಎಡಕ್ಕೇ ಮಲಗಿಸಿಕೊಂಡಿದ್ದಾರೆ ಎಂದುಕೊಳ್ಳುತ್ತೇನೆ. ನೀವು ಅದನ್ನು ಕಸಕ್ಕೆ ಬಿಟ್ಟಿದ್ದರೆ ನನಗೆ ಹಾಗೆ ಅಂದುಕೊಳ್ಳಲೂ ಆಗುತ್ತಿರಲಿಲ್ಲ.

ಇಷ್ಟೇ ಸಂಗತಿ. ಜೋಳದ ಬಿತ್ತಿಗೆ ಶುರುವಾಗಿದೆ, ಗಾಳಿ ತಣ್ಣಗಾಗಿದೆ, ಕೆಮ್ಮಿಗೆ ಫೂಫಿಯ ಕಷಾಯ ಬೇಡವೆನ್ನದೆ ಕುಡಿಯಿರಿ. ಅಲ್ಲಾಹ್ ನಿಮ್ಮನ್ನು ಗಟ್ಟಿಮುಟ್ಟಾಗಿ ಇಟ್ಟಿರಲಿ, ನಿಮ್ಮ ನೆರಳು ನಮ್ಮ ಮೇಲೆ ಬಹಳ ಕಾಲ ಇರಲಿ. ಫೂಫಿಗೆ ನನ್ನ ಸಲಾಮು, ಅವರ ಸುಳ್ಳುಗಳಿಗೂ ಸಲಾಮು.

ನಿಮ್ಮ ಮಗಳು
ಶಾಹಿಸ್ತಾ

ತಾ.ಕ.: ಪತ್ರ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಒಂದು ಮಾತನ್ನು ನಾನು ಫೂಫಿಗೂ ಹೇಳಿಲ್ಲ. ಅತೀಕನ ಮೊದಲ ಮಾತು ‘ಅಬ್ಬಾ’ ಎಂಬುದು ನಿಜ. ಅದರ ನಂತರ ಎರಡನೆಯ ಮಾತು ಬಂದಿಲ್ಲ. ನೀರು ಬೇಕಾದರೂ ಅಬ್ಬಾ, ಹಸಿವಾದರೂ ಅಬ್ಬಾ. ನಾನೂ ಅಬ್ಬಾ, ಮಹಾನಂದಾ ಬಂದರೆ ಅವಳೂ ಅಬ್ಬಾ, ಕರಿ ಮೇಕೆಮರಿಯೂ ಅಬ್ಬಾ. ಒಳಗೆ ಎಲ್ಲ ಇದೆ, ಬಾಯಿಗೆ ಬರುವಾಗ ಅದೊಂದೇ ಬರುತ್ತದೆ. ತಲೆ ಮುಚ್ಚಿದರೆ ಮಾತು ತಿರುಗಿ ಬರುತ್ತದೆ ಎಂದು ನಾನು ನಂಬಿದ್ದೆ, ನಿಮ್ಮನ್ನೂ ನಂಬಿಸಿದ್ದೆ. ಬಂದರೂ ಬರಬಹುದು, ಇಷ್ಟಕ್ಕೇ ನಿಲ್ಲಲೂಬಹುದು ಎಂದು ಹಿರಿಯ ಡಾಕ್ಟರು ಈಗ ಹೇಳುತ್ತಾರೆ. ನೀವು ಕಾಯುತ್ತಿರುವ ಆ ಬೈಗುಳ ಬರಲಿಕ್ಕಿಲ್ಲ ಅಬ್ಬಾ.

ತಾನು ಅಂದದ್ದು ತಪ್ಪು ಎಂದು ಅವನಿಗೆ ತಿಳಿಯುತ್ತದೆ. ನನ್ನನ್ನು ನೋಡಿ ‘ಅಬ್ಬಾ’ ಅನ್ನುತ್ತಾನೆ, ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸುತ್ತಾನೆ, ಕಣ್ಣು ಮುಚ್ಚಿ ಮತ್ತೆ ಹುಡುಕುತ್ತಾನೆ, ಮತ್ತೆ ಅದನ್ನೇ ಅನ್ನುತ್ತಾನೆ. ದಿನವೆಲ್ಲ ಹೀಗೆ. ನೀವು ಬಂದು ಅವನ ಮುಂದೆ ಕೂತುಕೊಳ್ಳಿ. ನಿಮ್ಮನ್ನು ನೋಡಿ ‘ಅಬ್ಬಾ’ ಅಂದರೆ ಅವನು ತಲೆ ಅಲ್ಲಾಡಿಸಬೇಕಾಗುವುದಿಲ್ಲ.